ಬೆಳೆಯಲೊಲ್ಲದ ಹುಳು ಬಿಚ್ಚಿಟ್ಟ ಗುಟ್ಟು

ಗಾಜಿನ ತಟ್ಟೆಯೊಂದರಲ್ಲಿ ತೆಳ್ಳಗೆ ಹರಡಿದ ಬ್ಯಾಕ್ಟೀರಿಯಾಗಳ ಪದರ. ಅದನ್ನು ಮೇಯುತ್ತ ಅತ್ತಿತ್ತ ಹೊರಳಾಡುವ ಹುಳುಗಳು. ಒಂದೊಂದರ ಉದ್ದವೂ ಸುಮಾರು ಒಂದು ಮಿಲಿಮೀಟರ್; ಈ ಪುಟದ ಅಲ್ಪವಿರಾಮ ಚಿಹ್ನೆಯಷ್ಟು. ಮೈ ಗಾಜಿನಂತೆ ಪಾರದರ್ಶಕ. ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಒಳಗಿನ ಒಂದೊಂದು ಜೀವಕೋಶವೂ ಕಾಣುತ್ತದೆ. ಕಾಣುವುದಷ್ಟೇ ಅಲ್ಲ, ವಿಜ್ಞಾನಿಗಳು ಅವನ್ನು ಎಣಿಸಿಯೂ ಆಗಿದೆ. ಸಂತಾನಕ್ಕೆ ಮೀಸಲಾದ ಕೋಶಗಳನ್ನು ಬಿಟ್ಟರೆ, ಬೆಳೆದ ಹುಳುವಿನ ಮೈಯಲ್ಲಿ 959 ಕೋಶಗಳು. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ.

ಮಣ್ಣಿನಲ್ಲಿ, ಕೊಳೆತ ಹಣ್ಣಿನಲ್ಲಿ ಬದುಕುವ ಈ ದುಂಡುಹುಳುವಿನ ಹೆಸರು ಸೀನೊರ್‌ಹ್ಯಾಬ್ಡೈಟಿಸ್ ಎಲೆಗಾನ್ಸ್. ಹೆಸರು ಹುಳುವಿಗಿಂತ ಉದ್ದ! ಮೊಟ್ಟೆಯೊಡೆದು ಬಂದ ಮರಿ ನಾಲ್ಕು ಸಲ ಪೊರೆ ಕಳಚಿ, ನಾಲ್ಕು ಹಂತ ದಾಟಿ, ಸುಮಾರು ಮೂರು ದಿನಗಳಲ್ಲಿ ತಾನೇ ಮೊಟ್ಟೆಯಿಡುವ ತಾಯಿಯಾಗುತ್ತದೆ. ಯಾವ ಕೋಶ ಯಾವ ಗಳಿಗೆಯಲ್ಲಿ ಒಡೆದು ಎರಡಾಗಬೇಕು ಎಂಬುದೆಲ್ಲ ಪಂಚಾಂಗದಲ್ಲಿ ಬರೆದಿಟ್ಟಷ್ಟು ಕರಾರುವಾಕ್ಕು.

ಆದರೆ ಒಂದು ತಳಿಯ ಹುಳು ಮಾತ್ರ ಈ ಪಂಚಾಂಗವನ್ನು ಒಪ್ಪುವುದಿಲ್ಲ. ಅದರ ವಯಸ್ಸು ಕಳೆಯುತ್ತದೆ, ಮೈ ಉದ್ದವಾಗುತ್ತದೆ. ಆದರೆ ಒಳಗಿನ ಕೋಶಗಳು ಮೊದಲ ಹಂತದಲ್ಲಿ ಮಾಡಿದ ಕೆಲಸವನ್ನೇ ಮತ್ತೆ ಮತ್ತೆ ಮಾಡುತ್ತವೆ. ಒಂದನೇ ತರಗತಿಯಲ್ಲೇ ವರ್ಷ ವರ್ಷವೂ ಕೂತ ಹುಡುಗನ ಹಾಗೆ. ಮೊಟ್ಟೆಯಿಡುವ ದ್ವಾರ ಮೂಡುವುದೇ ಇಲ್ಲ. ಮೊಟ್ಟೆಗಳು ಮಾತ್ರ ಒಳಗೆ ಬೆಳೆದು, ತಾಯಿಯ ಹೊಟ್ಟೆಯಲ್ಲೇ ಒಡೆದು, ಮರಿಗಳು ಅಲ್ಲಿಯೇ ಹರಿದಾಡತೊಡಗುತ್ತವೆ.

ಈ ಹುಳುವಿಗೆ ಏನು ಕೊರತೆ? ಅದನ್ನು ಕಂಡುಹಿಡಿದ ಇಬ್ಬರಿಗೆ, ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್‌ಕುನ್ ಅವರಿಗೆ, 2024ರ ವೈದ್ಯಕೀಯ ನೊಬೆಲ್ ಬಹುಮಾನ ದೊರೆಯಿತು. ಕಂಡುಹಿಡಿದದ್ದು 1993ರಲ್ಲಿ. ನಡುವೆ 31 ವರ್ಷ ಏಕೆ ಬೇಕಾಯಿತು ಎಂಬುದೂ ಈ ಕಥೆಯ ಒಂದು ಭಾಗವೇ.

ಮದುವೆ ಮನೆಯ ಚೀಟಿ

ನಿಮ್ಮ ಕಣ್ಣಿನ ಕೋಶದಲ್ಲಿರುವ ಡಿಎನ್‌ಎಯೂ ನಿಮ್ಮ ಯಕೃತ್ತಿನ ಕೋಶದಲ್ಲಿರುವ ಡಿಎನ್‌ಎಯೂ ಒಂದೇ. ಸುಮಾರು 300 ಕೋಟಿ ಅಕ್ಷರಗಳ ಅದೇ ಗ್ರಂಥದ ಪ್ರತಿ ಮೈಯ ಬಹುಪಾಲು ಕೋಶಗಳಲ್ಲೂ ಇದೆ. ಹಾಗಿದ್ದ ಮೇಲೆ ಕಣ್ಣಿನಲ್ಲಿ ಪಿತ್ತರಸ ಏಕೆ ಒಸರುವುದಿಲ್ಲ? ಯಕೃತ್ತಿಗೆ ಬೆಳಕು ಏಕೆ ಕಾಣುವುದಿಲ್ಲ? ಗ್ರಂಥ ಒಂದೇ ಆದರೂ ಯಾವ ಕೋಶ ಯಾವ ಪುಟ ಓದಬೇಕು, ಯಾವಾಗ ಓದಬೇಕು, ಎಷ್ಟು ಓದಬೇಕು ಎಂಬುದಕ್ಕೆ ಕಟ್ಟುಪಾಡು ಇದೆ. ಜೀವವಿಜ್ಞಾನಿಗಳು ಜೀನುಗಳ ಅಭಿವ್ಯಕ್ತಿಯ ನಿಯಂತ್ರಣ ಎನ್ನುವುದು ಇದನ್ನೇ. ನಿಯಂತ್ರಣ ತಪ್ಪಿದರೆ ಬೆಳವಣಿಗೆ ಕೆಡುತ್ತದೆ, ಕ್ಯಾನ್ಸರ್ ತಲೆಯೆತ್ತುತ್ತದೆ.

ಪುಟ ಓದುವುದೆಂದರೇನು? ಒಂದು ದೊಡ್ಡ ಮದುವೆ ಮನೆಯನ್ನು ಕಲ್ಪಿಸಿಕೊಳ್ಳಿ. ಅಡಿಗೆಯ ಹಳೆಯ ಗ್ರಂಥ ಯಜಮಾನರ ಕೋಣೆಯ ಪೆಟ್ಟಿಗೆಯಲ್ಲಿ ಭದ್ರವಾಗಿದೆ. ಅದನ್ನು ಹೊರಗೆ ತರುವಂತಿಲ್ಲ. ಬೇಕಾದ ಅಡಿಗೆಯ ವಿವರವನ್ನಷ್ಟೇ ಒಂದು ಚೀಟಿಯಲ್ಲಿ ನಕಲು ಮಾಡಿ ಹಿತ್ತಲಿನ ಒಲೆಯ ಬಳಿ ಇರುವ ಭಟ್ಟರಿಗೆ ಕಳಿಸುತ್ತಾರೆ. ಭಟ್ಟರು ಚೀಟಿ ನೋಡಿ ಅಡಿಗೆ ಮಾಡುತ್ತಾರೆ. ಕೋಶದೊಳಗೂ ಹೀಗೆಯೇ. ಪೆಟ್ಟಿಗೆ ಎಂದರೆ ಕೋಶಕೇಂದ್ರ, ಗ್ರಂಥ ಡಿಎನ್‌ಎ, ಅದರಲ್ಲಿ ಒಂದು ಅಡಿಗೆಯ ಪಾಠ ಒಂದು ಜೀನು. ಚೀಟಿಯೇ ದೂತ ಆರ್‌ಎನ್‌ಎ. ಭಟ್ಟರ ಕೆಲಸ ಮಾಡುವುದು ರೈಬೋಸೋಮ್. ತಯಾರಾಗುವ ಅಡಿಗೆ ಪ್ರೋಟೀನು.

ಡಿಎನ್‌ಎಯಿಂದ ಆರ್‌ಎನ್‌ಎ, ಆರ್‌ಎನ್‌ಎಯಿಂದ ಪ್ರೋಟೀನು: ಪಿಯುಸಿ ಓದುವ ಮಕ್ಕಳು ಬಾಯಿಪಾಠ ಮಾಡುವ ಈ ಸೂತ್ರವನ್ನು ಫ್ರಾನ್ಸಿಸ್ ಕ್ರಿಕ್ ರೂಪಿಸಿದ್ದು 1958ರಲ್ಲಿ. ಸೂತ್ರದಲ್ಲಿ ತಪ್ಪೇನಿಲ್ಲ. ಆದರೆ ಅದನ್ನು ಓದಿದವರ ಮನಸ್ಸಿನಲ್ಲಿ ಒಂದು ಅಭ್ಯಾಸ ಬೇರೂರಿತು. ಜೀನು ಎಂದರೆ ಪ್ರೋಟೀನಿನ ಪಾಠ, ಕೋಶದ ಮುಖ್ಯ ಕೆಲಸಗಳನ್ನೆಲ್ಲ ಪ್ರೋಟೀನುಗಳೇ ಮಾಡಬೇಕು, ಆರ್‌ಎನ್‌ಎ ಬರೀ ಆಳು. ಪ್ರೋಟೀನಿನ ಪಾಠ ಹೊತ್ತಿರದ ಆರ್‌ಎನ್‌ಎಗಳು ಗೊತ್ತಿರಲಿಲ್ಲವೆಂದಲ್ಲ. ರೈಬೋಸೋಮಿನ ಮೈಯಲ್ಲೇ ಆರ್‌ಎನ್‌ಎ ಇದೆ. ಅಮೈನೋ ಆಮ್ಲಗಳನ್ನು ಹೊತ್ತು ತರುವ ಪುಟ್ಟ ಆರ್‌ಎನ್‌ಎಗಳೂ ಇವೆ. ಆದರೆ ಅವು ಪಾತ್ರೆ, ಸೌಟುಗಳ ಲೆಕ್ಕ. ಯಾವ ಅಡಿಗೆ ಬೇಕು, ಯಾವುದು ಬೇಡ ಎಂದು ಅಪ್ಪಣೆ ಕೊಡುವ ಯೋಗ್ಯತೆ ಅವಕ್ಕೆ ಇದೆಯೆಂದು ಯಾರೂ ಎಣಿಸಿರಲಿಲ್ಲ.

ಯಾರೂ ಎಂದರೆ ಪೂರ್ತಿ ಸರಿಯಾಗದು. 1961ರಲ್ಲಿ ಫ್ರಾನ್ಸಿನ ಫ್ರಾನ್ಸುವಾ ಜಾಕೊಬ್ ಮತ್ತು ಜಾಕ್ ಮೊನೊ ಬ್ಯಾಕ್ಟೀರಿಯಾದ ಜೀನುಗಳಿಗೆ ಬೀಗ ಹಾಕುವ ವಸ್ತುವೊಂದಿದೆ ಎಂದು ತೋರಿಸಿದಾಗ, ಅದು ಆರ್‌ಎನ್‌ಎ ಇರಬಹುದೆಂದೇ ಊಹಿಸಿದ್ದರು. 1966ರಲ್ಲಿ ಆ ಬೀಗ ಕೈಗೆ ಸಿಕ್ಕಿತು. ನೋಡಿದರೆ ಅದು ಪ್ರೋಟೀನು! ಊಹೆ ಮೂಲೆಗೆ ಸೇರಿತು. ಮುಂದೆ 1972ರಲ್ಲಿ ಸುಸುಮು ಓನೋ ಎಂಬ ವಿಜ್ಞಾನಿ ನಮ್ಮ ಡಿಎನ್‌ಎಯ ಬಹುಪಾಲು ಯಾವ ಪಾಠವನ್ನೂ ಹೇಳದ ಗುಜರಿ ಎಂದು ಬರೆದರು. ಗುಜರಿ ಎಂಬ ಆ ಮಾತು ಬಹಳ ಕಾಲ ಅಂಟಿಕೊಂಡಿತು.

ಇಲ್ಲದ ಪ್ರೋಟೀನಿನ ಬೇಟೆ

ಆಂಬ್ರೋಸ್ ಅಮೆರಿಕದ ವರ್ಮಾಂಟ್ ರಾಜ್ಯದ ಹೈನುಗಾರಿಕೆಯ ಮನೆಯಲ್ಲಿ ಬೆಳೆದವರು. ಎಂಟು ಮಕ್ಕಳ ಸಂಸಾರ. ತಂದೆ ಪೋಲೆಂಡಿನಿಂದ ಯುದ್ಧಕಾಲದಲ್ಲಿ ನೆಲೆ ತಪ್ಪಿ ಬಂದವರು. ರವ್‌ಕುನ್ ಹುಟ್ಟಿದ್ದು ಕ್ಯಾಲಿಫೋರ್ನಿಯಾದಲ್ಲಿ. ಇಬ್ಬರೂ 1980ರ ದಶಕದಲ್ಲಿ ಎಂಐಟಿಯಲ್ಲಿದ್ದ ರಾಬರ್ಟ್ ಹೊರ್ವಿಟ್ಜ್ ಅವರ ಪ್ರಯೋಗಾಲಯದಲ್ಲಿ ಸಂಶೋಧಕರಾಗಿದ್ದರು. ಹೊರ್ವಿಟ್ಜ್ ಕೆಲಸ ಕಲಿತದ್ದು ಇಂಗ್ಲೆಂಡಿನಲ್ಲಿ ಸಿಡ್ನಿ ಬ್ರೆನರ್ ಕಟ್ಟಿದ್ದ ಹುಳುವಿನ ಗರಡಿಯಲ್ಲಿ. ಬೆಳೆಯಲೊಲ್ಲದ ಹುಳುವೂ ಅಲ್ಲಿಂದಲೇ ಬಂದದ್ದು. ಅದರಲ್ಲಿ ಕೆಟ್ಟಿದ್ದ ಜೀನಿಗೆ ಲಿನ್-4 ಎಂದು ಹೆಸರಿಟ್ಟಿದ್ದರು.

ಇದಕ್ಕೆ ತದ್ವಿರುದ್ಧವಾದ ಇನ್ನೊಂದು ಹುಳುವೂ ಇತ್ತು. ಅದರಲ್ಲಿ ಕೆಟ್ಟಿದ್ದು ಲಿನ್-14 ಎಂಬ ಜೀನು. ಆ ಹುಳುವಿಗೆ ಎಲ್ಲಿಲ್ಲದ ಆತುರ. ಮೊದಲ ಹಂತವನ್ನು ಹಾರಿ ಎರಡನೆಯದರ ಕೆಲಸಕ್ಕೆ ತೊಡಗುತ್ತಿತ್ತು. ಒಂದು ಬೆಳೆಯದ ಹುಳು, ಇನ್ನೊಂದು ಅವಸರದ ಹುಳು. ಇವೆರಡಕ್ಕೂ ಏನೋ ಸಂಬಂಧವಿದೆ ಎನಿಸುವುದು ಸಹಜ. ಆಂಬ್ರೋಸ್ ತಳಿಗಳನ್ನು ಕೂಡಿಸಿ ನೋಡಿ ಪತ್ತೆ ಮಾಡಿದರು: ಲಿನ್-14 ಮಾಡುವ ಪ್ರೋಟೀನು ಹುಳುವನ್ನು ಎಳಸಾಗಿಡುತ್ತದೆ, ಲಿನ್-4 ಸಕಾಲದಲ್ಲಿ ಬಂದು ಲಿನ್-14ರ ಬಾಯಿ ಮುಚ್ಚಿಸುತ್ತದೆ, ಆಗ ಹುಳು ಮುಂದಿನ ಹಂತಕ್ಕೆ ಹೋಗುತ್ತದೆ. ಬಾಯಿ ಮುಚ್ಚಿಸುವವನೇ ಇಲ್ಲದಿದ್ದರೆ ಹುಳು ಸದಾ ಎಳಸು.

ಹೇಗೆ ಮುಚ್ಚಿಸುತ್ತದೆ? ಅದೇ ಪ್ರಶ್ನೆ. ಇಬ್ಬರೂ ಸ್ವಂತ ಪ್ರಯೋಗಾಲಯ ತೆರೆದಾಗ ಕೆಲಸ ಹಂಚಿಕೊಂಡರು. ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ಹೋದ ಆಂಬ್ರೋಸ್ ಲಿನ್-4ನ್ನು ಹಿಡಿದರು. ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಗೆ ಹೋದ ರವ್‌ಕುನ್ ಲಿನ್-14ನ್ನು.

ಆಂಬ್ರೋಸ್ ಅವರ ಕಡೆ ಈ ದುಡಿಮೆಯನ್ನು ಹೊತ್ತವರು ಇಬ್ಬರು ಮಹಿಳೆಯರು: ಅವರ ಪತ್ನಿಯೂ ಸಹೋದ್ಯೋಗಿಯೂ ಆದ ರೊಸಾಲಿಂಡ್ ಲೀ ಮತ್ತು ರೋಂಡಾ ಫೈನ್‌ಬಾಮ್. ಇಂದು ಯಂತ್ರಗಳು ಒಂದು ಜೀವಿಯ ಇಡೀ ಡಿಎನ್‌ಎಯನ್ನು ಬೇಗನೆ ಓದಿ ಮುಗಿಸುತ್ತವೆ. ಆಗ ಹಾಗಲ್ಲ. ಸಾಧಾರಣ ಹುಳುವಿನ ಡಿಎನ್‌ಎಯ ತುಂಡುಗಳನ್ನು ಬೆಳೆಯಲೊಲ್ಲದ ಹುಳುವಿಗೆ ಸೂಜಿಯಿಂದ ಚುಚ್ಚಬೇಕು. ಅದರ ಮಕ್ಕಳು ಸರಿಯಾಗಿ ಬೆಳೆದರೆ ಜೀನು ಆ ತುಂಡಿನಲ್ಲಿದೆ ಎಂದರ್ಥ. ತುಂಡನ್ನು ಇನ್ನಷ್ಟು ಚಿಕ್ಕದು ಮಾಡಿ ಮತ್ತೆ ಚುಚ್ಚಬೇಕು. ಹೀಗೆ ಕತ್ತರಿಸುತ್ತ ಕತ್ತರಿಸುತ್ತ ಅವರು ಸುಮಾರು 700 ಅಕ್ಷರಗಳ ತುಣುಕಿಗೆ ಬಂದು ತಲುಪಿದರು. ಜೀನು ಅದರೊಳಗೇ ಇರಬೇಕು.

ಆದರೆ ಆ ತುಣುಕಿನಲ್ಲಿ ನಂಬಬಹುದಾದ ಪ್ರೋಟೀನಿನ ಪಾಠವೇ ಕಾಣಲಿಲ್ಲ. ಇರಬಹುದಾದ ಪಾಠಗಳ ನಡುವೆ ಬೇಕೆಂದೇ ತಪ್ಪು ಅಕ್ಷರ ಸೇರಿಸಿ ಕೆಡಿಸಿ ನೋಡಿದರು. ಪ್ರೋಟೀನು ಇದ್ದರೆ ಅದು ಕೆಡಬೇಕು, ಹುಳು ಬೆಳೆಯಬಾರದು. ಹುಳು ಯಾವ ತಕರಾರೂ ಇಲ್ಲದೆ ಬೆಳೆಯಿತು! ಹತ್ತಿರದ ಬಂಧುಗಳಾದ ಬೇರೆ ಜಾತಿಯ ಹುಳುಗಳ ಲಿನ್-4 ಜೊತೆ ಹೋಲಿಸಿದರು. ಅಲ್ಲಿಯೂ ಪ್ರೋಟೀನಿನ ಸುಳಿವಿಲ್ಲ. ಕೊನೆಗೆ ಜೀನಿನಿಂದ ಹೊರಬೀಳುವ ಆರ್‌ಎನ್‌ಎಯನ್ನೇ ಹುಡುಕಿದರು. ಸಿಕ್ಕಿದ್ದು ಎರಡು ಚೂರು. ಒಂದು 61 ಅಕ್ಷರದ್ದು. ಇನ್ನೊಂದು ಬರೀ 22.

ದೂತ ಆರ್‌ಎನ್‌ಎಗಳ ಉದ್ದ ಸಾವಿರಾರು ಅಕ್ಷರ. ಅದರೆದುರು 22 ಅಕ್ಷರದ ಚೂರು ಯಾವ ಲೆಕ್ಕ? ಪ್ರಯೋಗದಲ್ಲಿ ಆರ್‌ಎನ್‌ಎ ಒಡೆದುಹೋದಾಗ ಉಳಿಯುವ ಕಸ ಎಂದು ಬಿಸಾಡಿದ್ದರೆ ಯಾರೂ ತಪ್ಪು ಹೇಳುತ್ತಿರಲಿಲ್ಲ. ಅವರು ಬಿಸಾಡಲಿಲ್ಲ.

ದೂರವಾಣಿಯಲ್ಲಿ ಅಕ್ಷರ ಓದಿದ ಸಂಜೆ

ಅತ್ತ ರವ್‌ಕುನ್ ತಂಡಕ್ಕೂ ಒಂದು ಸೋಜಿಗ ಎದುರಾಗಿತ್ತು. ಲಿನ್-14ರ ಬಾಯಿ ಮುಚ್ಚಿಸುವುದೆಂದರೆ ಅದರ ಚೀಟಿ ನಕಲಾಗದಂತೆ ತಡೆಯುವುದು ಎಂದು ಎಲ್ಲರೂ ತಿಳಿದಿದ್ದರು. ಬ್ಯಾಕ್ಟೀರಿಯಾದ ಬೀಗ ಹಾಗೆಯೇ ಕೆಲಸ ಮಾಡುತ್ತದೆ. ಆದರೆ ಇಲ್ಲಿ ಚೀಟಿಗಳು ಎಂದಿನಂತೆ ಬರುತ್ತಲೇ ಇದ್ದವು. ಪ್ರೋಟೀನು ಮಾತ್ರ ಇಳಿದುಹೋಗುತ್ತಿತ್ತು. ಅಂದರೆ ಚೀಟಿ ಅಡಿಗೆಮನೆ ತಲುಪಿದ ಮೇಲೆ ಯಾರೋ ಅದನ್ನು ಓದಗೊಡುತ್ತಿಲ್ಲ. ಇನ್ನೊಂದು ಸುಳಿವೂ ಇತ್ತು. ಲಿನ್-14 ಎಂದೂ ಸುಮ್ಮನಾಗದ ಕೆಲವು ಹುಳುಗಳಲ್ಲಿ ಚೀಟಿಯ ಕೊನೆಯ ಭಾಗ, ಪ್ರೋಟೀನಿನ ಪಾಠ ಮುಗಿದ ಮೇಲೆ ಉಳಿಯುವ ಬಾಲ, ಕಳೆದುಹೋಗಿತ್ತು. ಹಾಗಾದರೆ ಅಪ್ಪಣೆ ಬಂದು ಕೂರುವುದು ಆ ಬಾಲದ ಮೇಲೆಯೇ ಇರಬೇಕು.

1992ರ ಜೂನ್ 11ರ ಸಂಜೆ. ಎರಡೂ ತಂಡಗಳ ಬಳಿ ತಮ್ಮ ತಮ್ಮ ಅಕ್ಷರಮಾಲೆ ಇತ್ತು. ಪರಸ್ಪರ ವಿನಿಮಯ ಮಾಡಿಕೊಂಡು ಇಬ್ಬರೂ ತಮ್ಮಲ್ಲೇ ತಾಳೆ ನೋಡಿದರು. ನಂತರ ದೂರವಾಣಿಯಲ್ಲಿ ಒಬ್ಬರಿಗೊಬ್ಬರು ಓದಿ ಹೇಳಿದರು. ಆರ್‌ಎನ್‌ಎಯ ನಾಲ್ಕು ಅಕ್ಷರಗಳಿಗೆ ಜೋಡಿಗಳು ಗೊತ್ತಾಗಿವೆ: ಎಗೆ ಯು, ಜಿಗೆ ಸಿ. ಲಿನ್-4ರ ಪುಟ್ಟ ಚೂರಿನ ಅಕ್ಷರಗಳು ಲಿನ್-14 ಚೀಟಿಯ ಬಾಲದಲ್ಲಿದ್ದ ಅಕ್ಷರಗಳಿಗೆ ಜೋಡಿಯಾಗಿ ಕೂರುತ್ತಿದ್ದವು. ಜಿಪ್ಪಿನ ಎರಡು ಸಾಲು ಹಲ್ಲುಗಳಂತೆ. ಅಲ್ಲಲ್ಲಿ ಒಂದೆರಡು ಹಲ್ಲು ತಪ್ಪಿದ್ದರೂ ಹೊಂದಿಕೆ ಸ್ಪಷ್ಟ. ಅಂಥ ಜಾಗ ಆ ಬಾಲದಲ್ಲಿ ಒಂದಲ್ಲ, ಏಳು!

ಪಾಯಸದ ಚೀಟಿಯ ಮೇಲೆ ಬಂದು ಅಂಟಿಕೊಂಡ ಇನ್ನೊಂದು ಸಣ್ಣ ಚೀಟಿ. ಅದರಲ್ಲಿ ಯಾವ ಅಡಿಗೆಯ ವಿವರವೂ ಇಲ್ಲ. ಇರುವುದು 'ಪಾಯಸ ಇನ್ನು ಸಾಕು' ಎಂಬ ಒಂದು ಮಾತು. ಜೀನೊಂದು ಪ್ರೋಟೀನನ್ನು ಮಾಡದೆ, ಬರೀ ಆರ್‌ಎನ್‌ಎ ಚೂರಿನಿಂದ ಇನ್ನೊಂದು ಜೀನನ್ನು ಆಳಬಲ್ಲದು ಎಂದು ಆ ಸಂಜೆ ಕಂಡಿತು.

1993ರ ಡಿಸೆಂಬರಿನಲ್ಲಿ 'ಸೆಲ್' ಪತ್ರಿಕೆಯಲ್ಲಿ ಎರಡೂ ತಂಡಗಳ ಲೇಖನಗಳು ಒಂದರ ಹಿಂದೊಂದು ಅಚ್ಚಾದವು. ಆಂಬ್ರೋಸ್ ತಂಡದ ಲೇಖನದಲ್ಲಿ ಮೊದಲ ಹೆಸರು ರೊಸಾಲಿಂಡ್ ಲೀ ಅವರದು. ನೊಬೆಲ್ ಒಂದು ಬಹುಮಾನವನ್ನು ಮೂವರವರೆಗೆ ಹಂಚಬಹುದು. 2024ರಲ್ಲಿ ಹಂಚಿದ್ದು ಇಬ್ಬರಿಗೆ. ಈ ಬಗ್ಗೆ ಹಲವರು ಆಗ ಪ್ರಶ್ನೆ ಎತ್ತಿದರು. ಎತ್ತಬೇಕಾದ ಪ್ರಶ್ನೆಯೇ.

ಏಳು ವರ್ಷದ ಮೌನ

ಲೇಖನ ಬಂದಾಗ ಜಗತ್ತು ಕುಣಿದಾಡಲಿಲ್ಲ. ಹುಳುವಿನಲ್ಲಿ ಏನೋ ವಿಚಿತ್ರವಿದೆ, ಹುಳುವಿನ ವಿಚಿತ್ರ ಹುಳುವಿಗೇ ಇರಲಿ ಎಂಬಂತೆ ಸುಮ್ಮನಾಯಿತು. ಲಿನ್-4ರಂಥ ಚೂರು ಬೇರೆ ಪ್ರಾಣಿಗಳಲ್ಲಿ ಯಾರಿಗೂ ಸಿಕ್ಕಿರಲಿಲ್ಲ. ಅಷ್ಟು ಹೊತ್ತಿಗೆ ಆಂಬ್ರೋಸ್ ಹಾರ್ವರ್ಡಿನಲ್ಲೂ ಇರಲಿಲ್ಲ. ಅಲ್ಲಿ ಕಾಯಂ ಹುದ್ದೆ ಸಿಗದೆ, 1992ರಲ್ಲಿ ಡಾರ್ಟ್‌ಮತ್ ಕಾಲೇಜಿಗೆ ಹೋಗಿದ್ದರು. ಮುಂದೆ ನೊಬೆಲ್ ತಂದ ಕೆಲಸದ ನಡುವೆಯೇ ಹುದ್ದೆ ತಪ್ಪಿತ್ತು ಎಂಬುದನ್ನು, ಮಕ್ಕಳ ಒಂದು ಪರೀಕ್ಷೆಯ ಅಂಕಪಟ್ಟಿ ಹಿಡಿದು ನಿದ್ದೆಗೆಡುವ ತಂದೆತಾಯಿಯರು ಗಮನಿಸಬಹುದು.

ಈ ನಡುವೆ ಬೇರೆ ಕಡೆಗಳಿಂದಲೂ ಒಗಟುಗಳು ಬರುತ್ತಿದ್ದವು. 1990ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ರಿಚರ್ಡ್ ಜಾರ್ಗೆನ್‌ಸನ್ ಮತ್ತು ಸಂಗಡಿಗರು ಪೆಟೂನಿಯಾ ಹೂವಿನ ಬಣ್ಣ ಇನ್ನಷ್ಟು ಗಾಢವಾಗಲೆಂದು ಗಿಡಕ್ಕೆ ಬಣ್ಣದ ಜೀನಿನ ಹೆಚ್ಚುವರಿ ಪ್ರತಿ ಸೇರಿಸಿದ್ದರು. ಬಂದ ಹೂಗಳಲ್ಲಿ ಹಲವು ಅಚ್ಚ ಬಿಳಿ! ಸೇರಿಸಿದ ಜೀನೂ ಸುಮ್ಮನಾಗಿತ್ತು, ಗಿಡದ ಸ್ವಂತ ಜೀನೂ ಸುಮ್ಮನಾಗಿತ್ತು. ಏಕೆಂದು ತಿಳಿಯಲಿಲ್ಲ. 1998ರಲ್ಲಿ ಆಂಡ್ರ್ಯೂ ಫೈರ್ ಮತ್ತು ಕ್ರೆಗ್ ಮೆಲೋ, ಮತ್ತೆ ಅದೇ ಹುಳುವಿನಲ್ಲಿ, ಇದಕ್ಕೆ ಉತ್ತರ ಹುಡುಕಿದರು. ಜೋಡಿ ಎಳೆಯ ಆರ್‌ಎನ್‌ಎಯನ್ನು ಹುಳುವಿಗೆ ಚುಚ್ಚಿದರೆ, ಅದಕ್ಕೆ ಹೊಂದುವ ಅಕ್ಷರಗಳಿರುವ ಜೀನು ಸ್ತಬ್ಧವಾಗುತ್ತದೆ. ಸ್ನಾಯುವಿನ ಒಂದು ಜೀನನ್ನು ಹೀಗೆ ಸ್ತಬ್ಧಗೊಳಿಸಿದಾಗ ಹುಳುಗಳು ಅದುರತೊಡಗಿದವು. ಈ ಇಬ್ಬರಿಗೆ 2006ರಲ್ಲೇ ನೊಬೆಲ್ ಬಂತು, ತಡವಾದದ್ದು ಮೊದಲಿನವರಿಗೆ.

ಮೌನ ಮುರಿದದ್ದು 2000ದಲ್ಲಿ. ರವ್‌ಕುನ್ ತಂಡಕ್ಕೆ ಅಂಥದೇ ಇನ್ನೊಂದು ಚೂರು ಸಿಕ್ಕಿತು: ಲೆಟ್-7, 21 ಅಕ್ಷರಗಳದ್ದು. ಆ ಹೊತ್ತಿಗೆ ಮನುಷ್ಯನ ಡಿಎನ್‌ಎಯ ಓದು ಮುಗಿಯುತ್ತ ಬಂದಿತ್ತು. ಹುಡುಕಿ ನೋಡಿದರೆ ಅಕ್ಷರವೂ ಬದಲಾಗದ ಲೆಟ್-7 ಮನುಷ್ಯನಲ್ಲಿ ಇದೆ! ನೊಣದಲ್ಲಿ ಇದೆ, ಮೀನಿನಲ್ಲಿ ಇದೆ, ಮೃದ್ವಂಗಿಗಳಲ್ಲೂ ಇದೆ. ಹುಳುವಿನ ವಂಶವೂ ನಮ್ಮ ವಂಶವೂ ಬೇರೆಯಾಗಿ ಕೋಟ್ಯಂತರ ವರ್ಷಗಳಾಗಿವೆ. ಅಷ್ಟು ಕಾಲ ಒಂದು ಅಕ್ಷರವೂ ಅಳಿಯದೆ ಉಳಿದದ್ದು ಕಸವಾಗಿರಲು ಸಾಧ್ಯವೇ? ಮರುವರ್ಷವೇ ಮೂರು ಪ್ರಯೋಗಾಲಯಗಳು ಇಂಥ ಹತ್ತಾರು ಚೂರುಗಳನ್ನು ಒಟ್ಟಿಗೆ ಪ್ರಕಟಿಸಿದವು. ಅವಕ್ಕೆ ಮೈಕ್ರೋಆರ್‌ಎನ್‌ಎ ಎಂಬ ಹೆಸರೂ ಆಗಲೇ ಬಿತ್ತು.

ಮನುಷ್ಯನಲ್ಲಿ ಇವುಗಳ ಜೀನುಗಳು ಸಾವಿರಕ್ಕೂ ಹೆಚ್ಚು ಎಂದು ಇಂದು ಲೆಕ್ಕ. ನಮ್ಮ ಪ್ರೋಟೀನು ಜೀನುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಇವುಗಳ ಅಂಕೆಯಲ್ಲಿವೆ. ಇನ್ನೊಂದು ಲೆಕ್ಕವೂ ಸ್ವಾರಸ್ಯದ್ದು. ಒಂದು ಮಿಲಿಮೀಟರ್ ಹುಳುವಿನಲ್ಲಿ ಪ್ರೋಟೀನು ಮಾಡುವ ಜೀನುಗಳು ಸುಮಾರು 20,000. ಮನುಷ್ಯನಲ್ಲೂ ಸುಮಾರು 20,000! ಅಡಿಗೆಗಳ ಸಂಖ್ಯೆ ಹೆಚ್ಚುಕಡಿಮೆ ಒಂದೇ ಆದಾಗ, ಯಾವಾಗ ಯಾವುದು, ಎಷ್ಟು ಎಂಬ ವ್ಯವಸ್ಥೆಯ ಮೇಲೆ ಗಮನ ಹರಿಯಲೇಬೇಕು.

ಹೆಚ್ಚುವವ, ಹಿಡಿಯುವವ

ಪುಟ್ಟ ಚೀಟಿ ತಯಾರಾಗುವ ಬಗೆ ಹೀಗೆ. ಮೊದಲು ಡಿಎನ್‌ಎಯಿಂದ ಉದ್ದನೆಯ ಆರ್‌ಎನ್‌ಎ ನಕಲಾಗುತ್ತದೆ. ಅದು ತನ್ನ ಮೇಲೆ ತಾನೇ ಮಡಚಿಕೊಂಡು ತಲೆಗೂದಲಿನ ಪಿನ್ನಿನ ಆಕಾರ ತಾಳುತ್ತದೆ. ಕೋಶಕೇಂದ್ರದೊಳಗೆ ಡ್ರೋಶಾ ಎಂಬ ಕಿಣ್ವ ಈ ಪಿನ್ನನ್ನು ಕತ್ತರಿಸಿ ತೆಗೆಯುತ್ತದೆ. ಪಿನ್ನು ಹೊರಬಂದ ಮೇಲೆ ಡೈಸರ್ ಎಂಬ ಇನ್ನೊಂದು ಕಿಣ್ವ, ತರಕಾರಿ ಹೆಚ್ಚುವವರಂತೆ, ಅಳತೆಗೆ ಸರಿಯಾಗಿ ಸುಮಾರು 22 ಅಕ್ಷರದ ತುಂಡು ಮಾಡುತ್ತದೆ. ಆರ್ಗೊನಾಟ್ ಎಂಬ ಪ್ರೋಟೀನು ಆ ತುಂಡನ್ನು ಕೈಯಲ್ಲಿ ಹಿಡಿದು, ಹೊಂದುವ ಬಾಲ ಇರುವ ಚೀಟಿಗಳನ್ನು ಹುಡುಕುತ್ತ ಹೊರಡುತ್ತದೆ. ಸಿಕ್ಕ ಚೀಟಿಯನ್ನು ಭಟ್ಟರು ಓದದಂತೆ ಮಾಡುತ್ತದೆ, ಇಲ್ಲವೇ ಬೇಗ ಹರಿದುಹೋಗುವಂತೆ ಮಾಡುತ್ತದೆ.

ಇದನ್ನು ದೀಪದ ಗುಂಡಿ ಎಂದುಕೊಳ್ಳಬಾರದು. ಹೆಚ್ಚಿನ ಮೈಕ್ರೋಆರ್‌ಎನ್‌ಎಗಳು ಫ್ಯಾನಿನ ರೆಗ್ಯುಲೇಟರಿನ ಹಾಗೆ. ಪ್ರೋಟೀನನ್ನು ಪೂರ್ತಿ ನಿಲ್ಲಿಸುವುದಿಲ್ಲ, ಒಂದಿಷ್ಟು ತಗ್ಗಿಸುತ್ತವೆ. ಒಂದೇ ಮೈಕ್ರೋಆರ್‌ಎನ್‌ಎ ನೂರಾರು ಬೇರೆ ಬೇರೆ ಚೀಟಿಗಳ ಮೇಲೆ ಕೈ ಇಡಬಲ್ಲದು. ಒಂದು ಚೀಟಿಯ ಮೇಲೆ ಹಲವು ಮೈಕ್ರೋಆರ್‌ಎನ್‌ಎಗಳು ಕೂರಬಲ್ಲವು.

ಮೂರು ಬಣ್ಣದ ಬೆಕ್ಕು

ಪ್ರೋಟೀನು ಮಾಡದ ಆರ್‌ಎನ್‌ಎಗಳೆಲ್ಲ ಪುಟ್ಟವೇ ಎಂದೇನಿಲ್ಲ. 17,000 ಅಕ್ಷರಗಳ ದೈತ್ಯವೊಂದರ ಕೆಲಸವನ್ನು ನೀವು ಬೀದಿಯಲ್ಲೇ ನೋಡಿರುತ್ತೀರಿ. ಕಪ್ಪು, ಕೇಸರಿ, ಬಿಳಿ ಮೂರೂ ಬಣ್ಣದ ತೇಪೆ ಹಾಕಿದಂತಿರುವ ಬೆಕ್ಕನ್ನು ನೆನಪಿಸಿಕೊಳ್ಳಿ. ಅದು ಬಹುಮಟ್ಟಿಗೆ ಹೆಣ್ಣೇ. ಗಂಡಾಗಿದ್ದರೆ ಅಪರೂಪದಲ್ಲಿ ಅಪರೂಪ.

ಹೆಣ್ಣಿಗೆ ಎರಡು ಎಕ್ಸ್ ವರ್ಣತಂತುಗಳು, ಗಂಡಿಗೆ ಒಂದು ಎಕ್ಸ್, ಒಂದು ವೈ. ಎರಡೂ ಎಕ್ಸ್ ಕೆಲಸ ಮಾಡಿದರೆ ಹೆಣ್ಣಿನಲ್ಲಿ ಎಲ್ಲವೂ ಇಮ್ಮಡಿಯಾಗಬೇಕಲ್ಲ? ಹಾಗಾಗದಂತೆ, ಭ್ರೂಣ ಇನ್ನೂ ಕೆಲವೇ ಕೋಶಗಳ ಮುದ್ದೆಯಾಗಿರುವಾಗ, ಪ್ರತಿ ಕೋಶವೂ ಒಂದು ಎಕ್ಸನ್ನು ಮುಚ್ಚಿಬಿಡುತ್ತದೆ. ಈ ವಿಚಾರವನ್ನು 1961ರಲ್ಲಿ ಮುಂದಿಟ್ಟವರು ಇಂಗ್ಲೆಂಡಿನ ಮೇರಿ ಲಿಯಾನ್. ಮುಚ್ಚುವವರು ಯಾರೆಂದು ತಿಳಿದದ್ದು 1991ರಲ್ಲಿ. ಅದು ಎಕ್ಸಿಸ್ಟ್ ಎಂಬ ಜೀನು. ಅದರಿಂದ ಹೊರಡುವ ಉದ್ದನೆಯ ಆರ್‌ಎನ್‌ಎ ಯಾವ ಪ್ರೋಟೀನನ್ನೂ ಮಾಡದೆ, ತಾನು ಹುಟ್ಟಿದ ವರ್ಣತಂತುವನ್ನೇ ಕಂಬಳಿಯಂತೆ ಹೊದ್ದು ಮಲಗಿಸುತ್ತದೆ. ಬೆಕ್ಕಿನ ಕೇಸರಿ ಬಣ್ಣದ ಜೀನು ಇರುವುದು ಎಕ್ಸ್ ಮೇಲೆ. ಒಂದು ಎಕ್ಸಿನಲ್ಲಿ ಕೇಸರಿ, ಇನ್ನೊಂದರಲ್ಲಿ ಕಪ್ಪು ಇದ್ದರೆ, ಮೈಯ ಯಾವ ಜಾಗದಲ್ಲಿ ಯಾವ ಎಕ್ಸ್ ಮಲಗಿತೋ ಅಲ್ಲಿ ಇನ್ನೊಂದರ ಬಣ್ಣ. ಬಿಳಿ ತೇಪೆಗೆ ಕಾರಣ ಬೇರೆಯ ಜೀನು.

ಇಂಥ ಉದ್ದನೆಯ ಆರ್‌ಎನ್‌ಎಗಳು ಮನುಷ್ಯನಲ್ಲಿ ಸಾವಿರಾರು ಸಿಕ್ಕಿವೆ. ಪ್ರೋಟೀನಿನ ಪಾಠವಿರುವುದು ನಮ್ಮ ಡಿಎನ್‌ಎಯ ಶೇಕಡ 2ಕ್ಕಿಂತ ಕಡಿಮೆ ಭಾಗದಲ್ಲಿ. ಆದರೆ ಒಂದಲ್ಲ ಒಂದು ಬಗೆಯ ಕೋಶದಲ್ಲಿ ಆರ್‌ಎನ್‌ಎಯಾಗಿ ನಕಲಾಗುವ ಭಾಗ ಸುಮಾರು ಮುಕ್ಕಾಲು ಪಾಲು ಎಂದು 2012ರ ದೊಡ್ಡ ಸಮೀಕ್ಷೆಯೊಂದು ಹೇಳಿತು. ನಕಲಾದದ್ದೆಲ್ಲ ಉಪಯುಕ್ತವೇ? ಈ ಬಗ್ಗೆ ವಿಜ್ಞಾನಿಗಳಲ್ಲಿ ಬಿರುಸಿನ ಜಗಳವಿದೆ. ಗುಜರಿ ಎಂದದ್ದು ಅವಸರವಾಗಿತ್ತು, ನಿಜ. ಹಾಗೆಂದು ಗುಜರಿಯೆಲ್ಲ ಚಿನ್ನ ಎನ್ನುವುದೂ ಅವಸರವೇ. ಹೆಚ್ಚಿನವುಗಳ ಕೆಲಸ ಇನ್ನೂ ಪತ್ತೆಯಾಗಿಲ್ಲ. ಕೆಲವಕ್ಕೆ ಕೆಲಸವೇ ಇರಲಾರದು.

ಒಂದು ಅಕ್ಷರ ತಪ್ಪಿದರೆ

ಹುಳು, ಬೆಕ್ಕುಗಳ ಮಾತು ಹಾಗಿರಲಿ, ಮನುಷ್ಯರ ಕಾಯಿಲೆಗೆ ಇದರ ಸಂಬಂಧವೇನು? ರಕ್ತದ ಕ್ಯಾನ್ಸರಿನಲ್ಲಿ ಒಂದು ಬಗೆಯುಂಟು, ದೀರ್ಘಕಾಲಿಕ ಲಿಂಫೋಸೈಟಿಕ್ ಲ್ಯುಕೀಮಿಯಾ. ಅನೇಕ ರೋಗಿಗಳ ಕ್ಯಾನ್ಸರ್ ಕೋಶಗಳಲ್ಲಿ 13ನೆಯ ವರ್ಣತಂತುವಿನ ಒಂದು ಚೂರು ಕಾಣೆಯಾಗಿರುತ್ತದೆ. ಕ್ಯಾನ್ಸರನ್ನು ತಡೆಯುವ ಯಾವುದೋ ಜೀನು ಅಲ್ಲಿದ್ದು ಕಳೆದುಹೋಗಿರಬೇಕು ಎಂದು ಸಂಶೋಧಕರು ವರ್ಷಗಟ್ಟಲೆ ಅಲ್ಲಿ ಪ್ರೋಟೀನಿನ ಪಾಠಕ್ಕಾಗಿ ತಡಕಾಡಿದರು. ಲಿನ್-4ರ ಕಥೆಯೇ ಮರುಕಳಿಸಿತ್ತು. 2002ರಲ್ಲಿ ಕಾರ್ಲೋ ಕ್ರೋಚೆ ಅವರ ತಂಡ ಆ ಜಾಗದಲ್ಲಿ ಎರಡು ಮೈಕ್ರೋಆರ್‌ಎನ್‌ಎಗಳನ್ನು ತೋರಿಸಿತು. ಪರೀಕ್ಷಿಸಿದವರಲ್ಲಿ ಸುಮಾರು ಶೇಕಡ 68 ಮಂದಿಯಲ್ಲಿ ಅವು ಇಲ್ಲವೇ ಇರಲಿಲ್ಲ, ಇಲ್ಲವೇ ಕುಂದಿದ್ದವು. ಸಾಯಬೇಕಾದ ಕೋಶವನ್ನು ಸಾಯಗೊಡದ ಒಂದು ಪ್ರೋಟೀನಿಗೆ ಇವು ಅಂಕುಶ ಎಂದು ಆಮೇಲೆ ತಿಳಿಯಿತು.

ಇನ್ನೊಂದು ಉದಾಹರಣೆ ಕಿವಿಗೆ ಸಂಬಂಧಿಸಿದ್ದು. ಸ್ಪೇನಿನ ಎರಡು ಕುಟುಂಬಗಳಲ್ಲಿ ಕಿವುಡು ತಲೆಮಾರಿನಿಂದ ತಲೆಮಾರಿಗೆ ಇಳಿದು ಬರುತ್ತಿತ್ತು. ಕೇಳುವ ಶಕ್ತಿ ಕ್ರಮೇಣ ಕುಂದುತ್ತಿತ್ತು. 2009ರಲ್ಲಿ ಕಾರಣ ಸಿಕ್ಕಿತು. ಒಳಗಿವಿಯ ಸೂಕ್ಷ್ಮ ರೋಮಕೋಶಗಳಲ್ಲಿ ಕೆಲಸ ಮಾಡುವ ಮೈಕ್ರೋಆರ್‌ಎನ್‌ಎ 96 ಎಂಬುದರಲ್ಲಿ ಒಂದೇ ಒಂದು ಅಕ್ಷರ ತಪ್ಪಿತ್ತು. ಅದೇ ಹೊತ್ತಿಗೆ ಬ್ರಿಟನ್ನಿನಲ್ಲಿ ಒಂದು ಕಿವುಡು ಇಲಿಯ ತಳಿಯಲ್ಲೂ ಅದೇ ಚೂರಿನಲ್ಲಿ ತಪ್ಪು ಕಂಡಿತ್ತು. 300 ಕೋಟಿಯಲ್ಲಿ ಒಂದು ಅಕ್ಷರ! ಪ್ರೋಟೀನಿನ ಪಾಠಗಳನ್ನಷ್ಟೇ ಓದುತ್ತ ಹೋಗಿದ್ದರೆ ಆ ಕುಟುಂಬಗಳಿಗೆ ಉತ್ತರ ಸಿಗುತ್ತಿರಲಿಲ್ಲ.

ಔಷಧದ ದಾರಿ ಸಲೀಸಾಗಿಲ್ಲ. ಫೈರ್ ಮತ್ತು ಮೆಲೋ ತೋರಿಸಿದ ವಿಧಾನದಿಂದ, ಅಂದರೆ ಒಂದೇ ಗುರಿಗೆ ಪೂರ್ತಿ ಹೊಂದುವ ಕೃತಕ ಆರ್‌ಎನ್‌ಎ ಚೂರಿನಿಂದ, ಔಷಧಗಳು ಬಂದಿವೆ. ನರಗಳಲ್ಲಿ ಕೆಟ್ಟ ಪ್ರೋಟೀನು ಶೇಖರವಾಗುವ ಆನುವಂಶಿಕ ರೋಗವೊಂದಕ್ಕೆ ಪ್ಯಾಟಿಸಿರಾನ್ ಎಂಬ ಔಷಧಕ್ಕೆ 2018ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಕೊಲೆಸ್ಟರಾಲ್ ಇಳಿಸುವ ಇನ್‌ಕ್ಲಿಸಿರಾನ್‌ಗೆ 2020ರಲ್ಲಿ ಯೂರೋಪಿನಲ್ಲಿ, 2021ರಲ್ಲಿ ಅಮೆರಿಕದಲ್ಲಿ. ಮೊದಲೆರಡು ಚುಚ್ಚುಮದ್ದಿನ ಬಳಿಕ ವರ್ಷಕ್ಕೆ ಎರಡು ಸಲ ಚುಚ್ಚಿಸಿಕೊಂಡರೆ ಸಾಕು. ಆದರೆ ಮೈಕ್ರೋಆರ್‌ಎನ್‌ಎಯನ್ನೇ ಔಷಧವಾಗಿ ಕೊಡುವ ಪ್ರಯತ್ನ ಕಷ್ಟದ್ದು. ಅದು ನೂರಾರು ಚೀಟಿಗಳ ಮೇಲೆ ಕೈ ಇಡುತ್ತದೆ ಎಂದೆವಲ್ಲ, ತೊಡಕು ಅಲ್ಲಿಯೇ. ಕ್ಯಾನ್ಸರ್ ರೋಗಿಗಳಿಗೆ ಅಂಥ ಒಂದನ್ನು ಕೊಟ್ಟು ನೋಡುತ್ತಿದ್ದ ಪ್ರಯೋಗವನ್ನು, ಕೆಲವರಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆ ತೀವ್ರವಾಗಿ ಕೆರಳಿದ್ದರಿಂದ, 2016ರಲ್ಲಿ ನಿಲ್ಲಿಸಬೇಕಾಯಿತು.

ಭತ್ತದ ಗದ್ದೆಯಲ್ಲಿ

ಸಸ್ಯಗಳಲ್ಲೂ ಮೈಕ್ರೋಆರ್‌ಎನ್‌ಎಗಳಿವೆ. ಅವುಗಳ ಬೆನ್ನು ಹತ್ತಿದವರು ಬೆಂಗಳೂರಿನಲ್ಲೇ ಇದ್ದಾರೆ. ಅಲ್ಲಿನ ರಾಷ್ಟ್ರೀಯ ಜೀವವಿಜ್ಞಾನಗಳ ಕೇಂದ್ರದಲ್ಲಿ ಪಿ.ವಿ. ಶಿವಪ್ರಸಾದ್ ಅವರ ತಂಡ ಕಾಡುಭತ್ತ, ನಾಟಿ ತಳಿ ಮತ್ತು ಹೆಚ್ಚು ಇಳುವರಿಯ ತಳಿಗಳ ಪುಟ್ಟ ಆರ್‌ಎನ್‌ಎಗಳನ್ನು ಹೋಲಿಸಿ ನೋಡಿತು. 2018ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು. ಮೈಕ್ರೋಆರ್‌ಎನ್‌ಎ 397 ಎಂಬುದು ಕಾಡುಭತ್ತದಲ್ಲಿ ಹೇರಳ. ಹೆಚ್ಚು ಇಳುವರಿಯ ತಳಿಗಳಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಕಾಂಡಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ಕಟ್ಟಲು ಬೇಕಾದ ಲ್ಯಾಕೇಸ್ ಕಿಣ್ವಗಳನ್ನು ಅದು ತಗ್ಗಿಸುತ್ತದೆ. ದೊಡ್ಡ ತೆನೆಯ ಗಿಡವನ್ನೇ ಆರಿಸಿ ಬೀಜಕ್ಕೆ ಎತ್ತಿಡುತ್ತ ಬಂದ ರೈತರು, ತಮಗರಿವಿಲ್ಲದೆಯೇ, ತಲೆಮಾರುಗಳ ಕಾಲ ಈ 'ಸಾಕು' ಚೀಟಿಯನ್ನು ಗದ್ದೆಯಿಂದ ಹೊರಹಾಕಿದ್ದರು. ಪ್ರಯೋಗಾಲಯದಲ್ಲಿ ಅದನ್ನು ಇಂದಿನ ಭತ್ತಕ್ಕೆ ಮರಳಿ ಹೆಚ್ಚಿಗೆ ತುಂಬಿದಾಗ ಗಿಡ ಮತ್ತೆ ಕಾಡುಭತ್ತದ ಲಕ್ಷಣಗಳನ್ನು ತೋರಿಸತೊಡಗಿತು.